ಬೆನ್ನು ಕೊಟ್ಟು ಕೂತ ರಾಜಕುಮಾರಿ

ಮಂಗಗಳು ಊರಿಗಿನ್ನೂ ಇಳಿಯದಿದ್ದ ಕಾಲ. ಆಗ ಕದಳೀಪುರ ಅಂತ ಒಂದು ರಾಜ್ಯ. ಅಲ್ಲಿನ ರಾಜಕುಮಾರಿ ಪದುಮಲೆ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅವಳ ತಮ್ಮ ಸಿಂಗರಸನಿಗೆ ಇನ್ನೇನು ಪಟ್ಟ ಕಟ್ಟಬೇಕು ಅನ್ನುವಾಗ ಗೂಬೆಕಣ್ಣ ಎಂಬ ಮಾಂತ್ರಿಕ ಅವನನ್ನು ಮಂಗ ಮಾಡಿ ಕಾಡಿಗಟ್ಟಿದ. ಮಾಂತ್ರಿಕನಿಗೆ ಸಿಂಹಾಸನದ ಮೇಲೆ ಕಣ್ಣು.

ಮಾಟ ಮಾಡಿದವನೇ ಅದನ್ನು ಬಿಡಿಸುವ ದಾರಿಯನ್ನೂ ಹೇಳಬೇಕೆಂಬುದು ಆ ಕಾಲದ ಕಟ್ಟಳೆ. ಗೂಬೆಕಣ್ಣ ನಗುತ್ತಲೇ ಹೇಳಿದ: "ತಗೊಳ್ಳಮ್ಮಾ ಈ ಕೆಂಪು ದಾರ. ಹೊತ್ತು ಮುಳುಗೋದರೊಳಗೆ ನಿನ್ನ ತಮ್ಮನ ಕೈಗೆ ಕಟ್ಟು, ಮಾಟ ನನಗೇ ತಿರುಗುತ್ತೆ. ಬೇರೆ ಮಂಗಕ್ಕೆ ಕಟ್ಟಿದೆಯೋ, ನೀನೂ ಮಂಗ! ಅವನಿಗೀಗ ತನ್ನ ಹೆಸರೂ ನೆನಪಿಲ್ಲ."

ಪದುಮಲೆ ಓಡಿದಳು. ಕಾಡಿನ ದೊಡ್ಡ ಆಲದ ಮರದ ತುಂಬ ಮಂಗಗಳು, ಎಲ್ಲವೂ ಒಂದೇ ಥರ. "ಸಿಂಗಾ, ಬಾರೋ!" ಎಂದು ಕೂಗಿದಳು. ಕಾವಲಿಗೆ ಕೂತಿದ್ದ ಮಂಗ "ಕೆಖ್!" ಎಂದಿತು. ಇಡೀ ಗುಂಪು ತುದಿಗೊಂಬೆಗೆ ಹಾರಿತು.

ತಮ್ಮನಿಗೆ ಹೋಳಿಗೆ ಅಂದರೆ ಪ್ರಾಣ. ಬರುವಾಗ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿ ಹೋಳಿಗೆ ಹರಡಿದಳು, ಮೊದಲು ಬಂದವನೇ ತಮ್ಮ ಎಂದು ಅವಳ ಎಣಿಕೆ. ಬಂದದ್ದು ಗುಂಪಿನ ಯಜಮಾನ, ಮೋರೆ ತುಂಬ ಗಾಯವಿದ್ದ ಗಡವ. ಅದು ತಿಂದು ತೇಗುವವರೆಗೆ ಉಳಿದವು ಬೇರೆ ಕಡೆ ಮುಖ ಮಾಡಿ ಕೂತವು. ಕದಳೀಪುರದ ಅರಮನೆಯಲ್ಲೂ ಇಷ್ಟು ಶಿಸ್ತಿರಲಿಲ್ಲ ಬಿಡಿ.

ಹೊತ್ತು ಇಳಿಯುತ್ತಿತ್ತು. ಪದುಮಲೆ ಮರ ಸುತ್ತಿದಳು, ಉಗುರು ಕಚ್ಚಿದಳು, ಮತ್ತೆ ಮರ ಸುತ್ತಿದಳು. ಅಷ್ಟರಲ್ಲಿ ಉಳಿದ ಚೂರಿಗಾಗಿ ಎರಡು ಮಂಗಗಳು ಕಿತ್ತಾಡಿದವು. ಕಿತ್ತಾಡಿ ಸುಸ್ತಾದ ಮೇಲೆ ಒಂದು ಬೆನ್ನು ತಿರುಗಿಸಿ ಕೂತಿತು. ಇನ್ನೊಂದು ಅದರ ಕೂದಲು ಬಿಡಿಸಿ ಹೇನು ಹೆಕ್ಕತೊಡಗಿತು. ಅಲ್ಲಿಗೆ ಜಗಳ ಮುಗಿಯಿತು.

ಪದುಮಲೆ ಅದನ್ನು ನೋಡಿ, ಜಡೆ ಬಿಚ್ಚಿ, ಮಂಗಗಳಿಗೆ ಬೆನ್ನು ಕೊಟ್ಟು ಕೂತಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ. ಕಾಲು ತುರಿಸಿತು, ಅಲುಗಲಿಲ್ಲ. ಒಂದು ತಾಯಿಮಂಗ ಬಂದು ತಲೆ ಕೆದಕಿ ಹೋಯಿತು. ಒಂದು ಮರಿ ಕೂದಲು ಎಳೆದು ಹೋಯಿತು. ಮೂರನೆಯ ಕೈ ಕೂದಲು ಬಿಡಿಸುತ್ತ ಬಿಡಿಸುತ್ತ ನೆತ್ತಿಯ ಹತ್ತಿರ ನಿಂತುಬಿಟ್ಟಿತು. ಅಲ್ಲೊಂದು ಹಳೇ ಗಾಯದ ಗುರುತು, ಚಿಕ್ಕಂದಿನಲ್ಲಿ ಸಿಂಗರಸ ಬೀಸಿದ ಬುಗುರಿ ತಗುಲಿದ್ದು. ಆ ಕೈ ಅದನ್ನೇ ಮೆಲ್ಲಗೆ ಸವರಿತು, ಮತ್ತೆ ಮತ್ತೆ ಸವರಿತು.

ಪದುಮಲೆಗೆ ಅಳು ಬಂತು. ತಿರುಗಿಯೂ ನೋಡದೆ ಆ ಕೈ ಹಿಡಿದು ದಾರ ಕಟ್ಟಿದಳು.

"ಅಕ್ಕಾ, ಆವತ್ತು ಬೇಕಂತ ಹೊಡೀಲಿಲ್ಲ ಕಣೇ," ಎಂದ ಸಿಂಗರಸ ಹಿಂದಿನಿಂದ.

"ಗೊತ್ತು ಕಣೋ. ನಡಿ ಮನೆಗೆ."

ಅತ್ತ ಗೂಬೆಕಣ್ಣನಿಗೆ ಬಾಲ ಬಂತು. ಕಾಡಿಗೆ ಓಡಿಬಂದು ಒಂದೊಂದು ಮಂಗಕ್ಕೂ ಬೆನ್ನು ಕೊಟ್ಟು ಕೂತ, ಯಾವುದೂ ಮುಟ್ಟಲಿಲ್ಲ. ಕೊನೆಗೆ ಆ ತಾಯಿಮಂಗವೇ ಅಯ್ಯೋ ಪಾಪ ಅಂತ ಒಂದು ಹೇನು ಹೆಕ್ಕಿತು. ಅಂದಿನಿಂದ ಅವನು ಮಂತ್ರ ಮರೆತು ಗುಂಪಿನ ಕಾವಲಿಗೆ ಕೂತ.

ಸಿಂಗರಸ ಪಟ್ಟವೇರಿದ, ಎಲ್ಲರೂ ಸುಖವಾಗಿದ್ದರು. ಆದರೆ ಕಾಡಿನಿಂದ "ಕೆಖ್!" ಕೇಳಿದಾಗಲೆಲ್ಲ ರಾಜ ಸಿಂಹಾಸನ ಬಿಟ್ಟು ಕಂಬ ಹತ್ತಲು ಹೋಗುತ್ತಿದ್ದ. "ಕೂತ್ಕೊಳ್ಳೋ, ಅದು ನಮಗಲ್ಲ," ಎಂದು ಪದುಮಲೆ ಜಡೆ ಬಿಚ್ಚಿ ಅವನ ಮುಂದೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವನ ಬೆರಳಿಗೆ ಆ ಗುರುತು ಸಿಕ್ಕಿದ ಮೇಲೆಯೇ ಇಬ್ಬರಿಗೂ ನೆಮ್ಮದಿ.