ಬಾಗಿಲ ಕೋಲು ಕದ್ದವನು

ಸಂಜೆ ಸುಮಿಯೊ ನಮ್ಮ ಕಲ್ಲುಗೋಡೆಯ ಹತ್ತಿರ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ನಾನು ತಲೆ ಬಾಚಿಕೊಂಡು ಮಗ್ಗದ ಮುಂದೆ ಕೂರುತ್ತಿದ್ದೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಅವನು ನಮ್ಮೂರಿನ ಅಂಚೆಯವನು. ಕಾಗದ ಹಂಚಿ ಮುಗಿದ ಮೇಲೂ ಸೈಕಲ್ ನಿಲ್ಲಿಸಿ ಈ ಕಡೆಗೇ ನೋಡುತ್ತಾ ನಿಂತರೆ, ಮೂವತ್ತು ದಾಟಿದ ಹೆಣ್ಣು ಏನೆಂದುಕೊಳ್ಳಬೇಕು?

ಅವನಲ್ಲಿ ಇದ್ದದ್ದು ಒಂದೇ ದೋಷ, ಹಾಬು ಹಾವಿನ ಹುಚ್ಚು. ಹಾಬು ಕಚ್ಚಿ ನನ್ನ ಸೋದರಮಾವನ ಬೆರಳು ಕಪ್ಪಾಗಿ, ಕೊಳೆತು ಉದುರಿದ್ದನ್ನು ಕಣ್ಣಾರೆ ಕಂಡವಳು ನಾನು. ಇವನೋ ಅದರ ಪೊರೆಯನ್ನು ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡು ನಮ್ಮ ಅಮಾಮಿ ದ್ವೀಪವೆಲ್ಲ ತಿರುಗುತ್ತಿದ್ದ. ಒಮ್ಮೆ ಚಹಾಕ್ಕೆ ಕೂತವನು ಅದನ್ನು ನನ್ನ ತಟ್ಟೆಯ ಪಕ್ಕದಲ್ಲೇ ಬಿಚ್ಚಿದ.

"ಮುಟ್ಟಿ ನೋಡಿ ಕಿನುಯೆ ಅವರೇ. ನೀವು ನೇಯೋ ರೇಷ್ಮೇಲೂ ಇದೇ ನಮೂನೆ."

"ಥೂ! ತೆಗೀರಿ ಅದನ್ನ. ಸತ್ತ ಇಲಿ ನಾತ ಬರ್ತಿದೆ."

"ಇಲಿ ತಿನ್ನುತ್ತಲ್ಲ, ಅದಕ್ಕೆ," ಎಂದ ಹೆಮ್ಮೆಯಿಂದ.

ಬಾಯಲ್ಲಿದ್ದ ಕರಿಬೆಲ್ಲದ ತುಂಡನ್ನು ಒಳಗೆ ಹೋಗಿ ಉಗಿದುಬಂದೆ. ಆದರೂ ಮರುದಿನ ತಲೆ ಬಾಚಿಕೊಂಡೆ. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಮೂಗೂ ಇಲ್ಲ.

ಜುಲೈಯಲ್ಲಿ ನಮ್ಮ ಬಾಗಿಲ ಕೋಲು ಮಾಯವಾಗತೊಡಗಿತು. ಹಾಬು ಬಂದರೆ ಹೊಡೆಯಲೆಂದು ಇಲ್ಲಿ ಮನೆಮನೆಯ ಬಾಗಿಲಿಗೂ ಉದ್ದನೆಯ ಕೋಲೊಂದು ಒರಗಿರುತ್ತದೆ. ಅದನ್ನು ಕಳ್ಳನೂ ಮುಟ್ಟುವುದಿಲ್ಲ. ಅಮ್ಮ ಹೊಸದು ಕಡಿದು ತಂದಿಟ್ಟಳು, ಅದೂ ಹೋಯಿತು. ಒಂದು ಸಂಜೆ ಮೂರನೆಯದನ್ನು ಎತ್ತಿಕೊಳ್ಳುವಾಗ ಕಳ್ಳ ನನ್ನ ಕೈಗೇ ಸಿಕ್ಕಿಬಿದ್ದ. ಸುಮಿಯೊ!

"ಒಂದು ವಾರ ಅಷ್ಟೇ," ಅವನ ಕಿವಿಯೆಲ್ಲ ಕೆಂಪಾಗಿತ್ತು. "ನಿಮ್ಮ ಗೋಡೆ ಸಂದೀಲಿ ಒಂದು ಹೆಣ್ಣು ಹಾಬು ಇದೆ. ಹೊಟ್ಟೆ ತುಂಬ ಮೊಟ್ಟೆ. ನಿಮ್ಮಮ್ಮ ನೋಡಿದ್ರೆ ಹೊಡೆದುಬಿಡ್ತಾರೆ ಅಂತ..."

"ಅಂದ್ರೆ ನೀವು ದಿನಾ ಇಲ್ಲಿ ನಿಂತು ನೋಡ್ತಿದ್ದಿದ್ದು?"

"ಅವಳನ್ನೇ."

ಅವಳಂತೆ! ಬೇರೊಬ್ಬ ಹೆಂಗಸಿಗೆ ಸೋತಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಇಲಿ ನುಂಗುವ ಐದಡಿ ಹಾವಿಗೆ ಸೋತೆನಲ್ಲ ಎಂದು ಮೈಯೆಲ್ಲ ಉರಿಯಿತು.

"ಹಾಗಾದ್ರೆ ಅವಳನ್ನೇ ಮದ್ವೆ ಆಗಿ. ಇನ್ನೊಂದು ಸಲ ಈ ಕಡೆ ತಲೆ ಹಾಕಿದ್ರೆ..."

ಅಷ್ಟರಲ್ಲಿ ಹಿತ್ತಲ ಕೋಳಿಗೂಡಿನ ಕಡೆಯಿಂದ ಅಮ್ಮ ಕಿರುಚಿದಳು.

ಓಡಿಹೋಗಿ ನೋಡಿದರೆ ಅಮ್ಮ ಗೂಡಿಗೆ ಬೆನ್ನು ಒತ್ತಿಕೊಂಡು ಬರಿಗೈಯಲ್ಲಿ ನಿಂತಿದ್ದಾಳೆ. ಎರಡು ಮೊಳ ದೂರದಲ್ಲಿ ಆ ಹಾಬು ಸುರುಳಿ ಸುತ್ತಿ, ತಲೆ ಹಿಂದಕ್ಕೆಳೆದುಕೊಂಡಿದೆ.

ಸುಮಿಯೊ ಕ್ಷಣವೂ ತಡಮಾಡಲಿಲ್ಲ. ಕದ್ದ ಕೋಲು ಕೈಯಲ್ಲೇ ಇತ್ತು. ಹೊಡೆದ, ಮತ್ತೆ ಹೊಡೆದ. ಅದರ ಹೊಟ್ಟೆ ಒಡೆದು ಬಿಳಿಯ ಮೆತ್ತನೆ ಮೊಟ್ಟೆಗಳು ಮಣ್ಣಿಗೆ ಜಾರಿದವು. ಆ ನಾತಕ್ಕೆ ನಾನು ಅಲ್ಲೇ ಕಕ್ಕಿದೆ.

"ನನ್ನಿಂದ ನಿಮ್ಮ ಪ್ರಾಣ ಹೋಗ್ತಿತ್ತಲ್ಲ ಅಮ್ಮಾ," ಎಂದು ಅವನು ಅಮ್ಮನ ಮುಂದೆ ನೆಲಕ್ಕೆ ಹಣೆ ಹಚ್ಚಿದ.

"ಹೋಗಿದ್ರೆ ದೆವ್ವ ಆಗಿ ನಿನ್ನೇ ಹಿಡೀತಿದ್ದೆ. ಏಳೋ ಪೆದ್ದ," ಎಂದ ಅಮ್ಮ ಒಳಗೆ ಹೋದಳು.

ಅವನು ಏಳಲಿಲ್ಲ. ಮೊಟ್ಟೆಗಳನ್ನು ಬರಿಗೈಯಿಂದ ಒಂದೊಂದಾಗಿ ಬಾಳೆಎಲೆಗೆ ಎತ್ತಿಡುತ್ತಾ ಅಳುತ್ತಿದ್ದ.

"ಹಾವಿಗೋಸ್ಕರ ಅಳ್ತಿದೀರಲ್ಲ, ಅಸಹ್ಯ ಆಗಲ್ವಾ?"

"ಕಿನುಯೆ ಅವರೇ, ಇದು ನಿಮ್ಮ ಗೋಡೆಗೆ ಬಂದಿದ್ದು ಹೋದ ತಿಂಗಳು."

"ಅದಕ್ಕೆ?"

"ನಾನು ಇಲ್ಲಿ ಸೈಕಲ್ ನಿಲ್ಲಿಸೋಕೆ ಶುರು ಮಾಡಿ ಎರಡು ವರ್ಷ ಆಯ್ತು."

ನಾನು ನಲ್ಲಿಯ ಕಡೆ ಕೈ ತೋರಿಸಿದೆ.

"ಮೊದ್ಲು ಕೈ ತೊಳ್ಕೊಳ್ಳಿ. ಸೋಪು ಹಾಕಿ."

ಮೂರು ಸಲ ತೊಳೆದರೂ ನಾತ ಹೋಗಲಿಲ್ಲ. ಆ ಕೈಯನ್ನು ಟವೆಲಿನಲ್ಲಿ ಒರೆಸಿ ಹಿಡಿದುಕೊಂಡೆ. ಮೂಗನ್ನು ಮಾತ್ರ ಆಚೆ ತಿರುಗಿಸಿದೆ. ನಾನು ಕೈ ಬಿಡಲಿಲ್ಲ.