ಬೂದು ಮೀನಿನೊಳಗಿನ ಬಂಗಾರ

“ಬಂಗಾರದ ಮೀನು ನೀನೇ ಕದ್ದಿರೋದು! ಮೊನ್ನೆ ಬಾಟ್ಲಿ ಹಿಡ್ಕೊಂಡು ಇಲ್ಲೇ ಓಡಾಡ್ತಿದ್ದೆ, ನಾನೇ ನೋಡಿದೀನಿ!”

ತಾತನ ಕಟಿಂಗ್ ಶಾಪಿನ ಹಿತ್ತಲಲ್ಲಿ, ಸಿಮೆಂಟ್ ತೊಟ್ಟಿಯ ಪಕ್ಕ ನಿಂತು ಮೆಣಸು ಕೂಗಿದಳು. ಅವಳಿಗೆ ಬೇರೆ ಹೆಸರಿದೆ. ಆದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳನ್ನು ಇನ್ನೇನೆಂದು ಕರೆಯುವುದು?

“ನಾನಲ್ಲ ಕಣೇ ಅಕ್ಕ. ಬಾಟ್ಲೀಲಿ ಬರೀ ನೀರಿತ್ತು” ಎಂದ ತಮ್ಮ.

“ಸುಳ್ಳ!”

ತಮ್ಮ ನೆಲಕ್ಕೆ ಕಾಲು ಅಪ್ಪಳಿಸಿದ. “ಹೋಗು, ನಿನ್ ಜೊತೆ ಠೂ!” ಎಂದು ಒಳಗೆ ಓಡಿಬಿಟ್ಟ.

ಎರಡು ವರ್ಷದ ಹಿಂದೆ, ಅಂಗಡಿಯೊಳಗಿನ ದೊಡ್ಡ ಗಾಜಿನ ತೊಟ್ಟಿಯಿಂದ ಅರ್ಧ ಮೀನುಗಳನ್ನು ತಂದು ಅವಳೇ ಇಲ್ಲಿ ಬಿಟ್ಟಿದ್ದಳು. ಬೆರಳುದ್ದವೂ ಇಲ್ಲದ ಮೀನುಗಳು. ಹೆಚ್ಚಿನವು ಬೂದು, ಅಲ್ಲೊಂದು ಇಲ್ಲೊಂದು ಬಂಗಾರದ ಬಣ್ಣ. ಒಳಗಿನ ತೊಟ್ಟಿ ಇವತ್ತಿಗೂ ಹಾಗೇ ಇದೆ. ಹೊರಗೆ ಮಾತ್ರ ಬಂಗಾರದ್ದು ಕಡಿಮೆಯಾಗುತ್ತಾ ಬಂದು ಒಂದೇ ಒಂದು ಉಳಿದಿತ್ತು. ಕಳ್ಳನಿಲ್ಲದೆ ಹೀಗಾಗುತ್ತದೆಯೇ?

ಮರುದಿನ ಬೆಳಿಗ್ಗೆ ಅವಳು ಹಿಂಬಾಗಿಲ ಸಂದಿಯಲ್ಲಿ ಕಾದು ಕೂತಳು. ತಮ್ಮ ಬರಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಮಿಂಚುಳ್ಳಿ ಬಂದು ಕೂತಿತು. ತಲೆ ಓರೆ ಮಾಡಿ ನೀರು ನೋಡಿತು. ಡುಬುಕ್! ಮತ್ತೆ ತಂತಿಗೆ ಬಂದಾಗ ಅದರ ಕೊಕ್ಕಿನಲ್ಲಿ ಬಂಗಾರ ಹೊಳೆಯುತ್ತಿತ್ತು.

ಮೆಣಸು ಅಳುತ್ತಾ ಒಳಗೆ ಓಡಿದಳು. ಕುರ್ಚಿಯಲ್ಲಿ ಅವಳ ಶಾಲೆಯ ಸೈನ್ಸ್ ಮೇಷ್ಟ್ರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು.

“ಸರ್, ಹಕ್ಕಿ ಎಲ್ಲಾ ತಿಂದ್ಬಿಡ್ತು! ಬರೀ ಬೂದು ಉಳ್ಕೊಂಡಿದೆ. ಇನ್ಮೇಲೆ ಬಂಗಾರದ ಮೀನು ಹುಟ್ಟೋದೇ ಇಲ್ಲ!”

“ಯಾರು ಹೇಳಿದ್ದು?” ಮೇಷ್ಟ್ರು ಗಕ್ಕನೆ ತಿರುಗಿದರು. “ಪ್ರತಿ ಮರಿಗೂ ಬಣ್ಣದಲ್ಲಿ ಅಮ್ಮನದೊಂದು ಪಾಲು, ಅಪ್ಪನದೊಂದು ಪಾಲು. ಎರಡೂ ಬಂಗಾರದ್ದಾದ್ರೆ ಮಾತ್ರ ಮರಿ ಬಂಗಾರ. ಒಂದು ಬೂದು ಸೇರಿದ್ರೂ ಮರಿ ಬೂದು. ಬಂಗಾರದ ಪಾಲು ಒಳಗೇ ಅಡಗಿ ಕೂತಿರತ್ತೆ.”

“ಅಲ್ಲಾಡ್ಬೇಡಿ ಮೇಷ್ಟ್ರೇ, ಕಿವಿ ನನ್ ಕೈಗೆ ಬರತ್ತೆ” ಎಂದ ತಾತ.

ಮೇಷ್ಟ್ರು ಅಲ್ಲಾಡದೆ, ತುಟಿಯಂಚಿನಲ್ಲೇ ಮಾತಾಡಿದರು. “ತುಂಬಾ ಮೀನಿದ್ದು, ಯಾರೂ ಆರಿಸಿ ತಿನ್ನದೆ, ಹೊಸಬರು ಬಂದು ಸೇರದೆ ಇದ್ರೆ, ಎಷ್ಟು ತಲೆಮಾರು ಹೋದ್ರೂ ಆ ಪಾಲುಗಳು ಹೆಚ್ಚುಕಮ್ಮಿ ಅಷ್ಟೇ ಇರ್ತವೆ. ಹೊರಗೆ ಹಕ್ಕಿ ಹೊಳೆಯೋದನ್ನೇ ಆರಿಸ್ತು. ಇಡೀ ತೊಟ್ಟಿನೇ ಬದಲಾಯ್ತು. ಭೂಮಿ ಮೇಲಿನ ಜೀವಗಳೂ ಹೀಗೇ ಚೂರುಚೂರೇ ಬದಲಾಗ್ತಾ ಬಂದಿವೆ, ಮಗು.”

“ಈ ಗಾಜಿನ ತೊಟ್ಟೀನ ನಿಮ್ಮಪ್ಪ ನಿನ್ನಷ್ಟಿದ್ದಾಗಿಂದ ನೋಡ್ತಿದೀನಿ” ಎಂದ ತಾತ. “ಆಗಿನ ಮೀನು ಒಂದೂ ಇಲ್ಲ. ಬಣ್ಣ ಮಾತ್ರ ಹಾಗೇ ಇದೆ.”

ಮೆಣಸು ಗಾಜಿನ ತೊಟ್ಟಿಯ ಕಡೆ ನೋಡಿದಳು. ಅಂಗಡಿಯ ಎದುರುಬದುರು ಕನ್ನಡಿಗಳಲ್ಲಿ ತೊಟ್ಟಿಯ ಹಿಂದೆ ತೊಟ್ಟಿ, ಮೀನಿನ ಹಿಂದೆ ಮೀನು, ಅದರ ಹಿಂದೆ ಇನ್ನೂ ಸಣ್ಣ ಮೀನು. ಕೊನೆಯೇ ಕಾಣಲಿಲ್ಲ. ಅವಳ ಮೈ ಜುಮ್ಮೆಂದಿತು. ಅಳುವುದೇ ಮರೆತುಹೋಯಿತು.

ತಮ್ಮನಿಗೆ ಸಾರಿ ಹೇಳಿದಳು. ಅವನು ಮುಖ ತಿರುಗಿಸಿಕೊಂಡು ಹೋದ. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ‘ಸುಳ್ಳ’ ಎಂಬ ಮಾತು ಅವನಿಗೆ ನಾಟಿಬಿಟ್ಟಿತ್ತು.

ಆಮೇಲೊಂದು ಸಂಜೆ ಹಿತ್ತಲಿಂದ ಅವನದೇ ಕೂಗು ಕೇಳಿತು.

“ಅಕ್ಕಾ! ಬೇಗ ಬಾ! ಬಂಗಾರ!”

ಮೆಣಸು ಓಡಿದಳು. ಪಾಚಿಯ ಮರೆಯಲ್ಲಿ ಆಗಷ್ಟೇ ಹುಟ್ಟಿದ ಮರಿಗಳ ಹಿಂಡು. ನಡುವೆ ಅಕ್ಕಿಕಾಳಿನಷ್ಟು ಸಣ್ಣ ಮರಿಯೊಂದು ಬಂಗಾರದ ಬಣ್ಣದಲ್ಲಿ ಈಜುತ್ತಿತ್ತು. ಸುತ್ತ ಇದ್ದ ದೊಡ್ಡ ಮೀನುಗಳೆಲ್ಲ ಬೂದು.

ತಮ್ಮನ ಮುಖದಲ್ಲಿ ಈಗ ಭಯ ಕಂಡಿತು. “ಒಳಗಿಂದ ನಾನು ತಂದು ಬಿಟ್ಟಿದ್ದಲ್ಲ ಕಣೇ. ನಿಜವಾಗ್ಲೂ!”

ಮೆಣಸು ಆ ಬೂದು ಮೀನುಗಳನ್ನು ಒಂದೊಂದಾಗಿ ನೋಡಿದಳು. ಇಷ್ಟು ದಿನ ಆ ಬಂಗಾರದ ಪಾಲು ಯಾವ್ಯಾವುದರೊಳಗೆ ಅಡಗಿತ್ತೋ!

“ಗೊತ್ತು ಕಣೋ” ಎಂದಳು ಮೆಲ್ಲಗೆ.

ತಮ್ಮ ಅವಳ ಪಕ್ಕಕ್ಕೆ ಸರಿದು ಕೂತ. ಮರಿ ಬೆದರೀತೆಂದು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.