ಎಡಗಿವಿಯ ಇಯರ್‌ಪ್ಲಗ್

ಹೆಣ ಹೆದ್ದಾರಿಯ ಅಂಚಿನಲ್ಲಿ ಅಂಗಾತ ಬಿದ್ದಿತ್ತು. ಕೆಂಪು ಬೈಕು ಹತ್ತು ಮಾರು ಮುಂದೆ ಮಗುಚಿಕೊಂಡಿತ್ತು. ತಲೆಯ ಪಕ್ಕದಲ್ಲಿ ಹೆಲ್ಮೆಟ್. ಎರಡೂ ಕಿವಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜಿನ ಇಯರ್‌ಪ್ಲಗ್.

"ಇನ್ನೇನು ಮೇಡಂ, ಕಿವಿ ಮುಚ್ಕೊಂಡು ಓಡಿಸಿದ್ದಾನೆ. ಹಿಂದಿಂದ ಬಂದಿದ್ದು ಕೇಳಿಸಿಲ್ಲ," ಎಂದೆ.

ಇನ್ಸ್‌ಪೆಕ್ಟರ್ ಮೇಡಂ ಹೆಣದ ಪಕ್ಕ ಕುಕ್ಕರಿಸಿ ಕಿವಿಗಳನ್ನೇ ನೋಡುತ್ತಿದ್ದರು. ಆ ವಾರಕ್ಕೆ ಅದು ನಾಲ್ಕನೆಯ ಅಪಘಾತ. ಮಹಜರು ಬರೆದೂ ಬರೆದೂ ನನ್ನ ಬೆರಳು ಜೋಮು ಹಿಡಿದಿದ್ದವು. ಬೇಗ ಮುಗಿಸಿ ಒಂದು ಲೋಟ ಚಹಾ ಕುಡಿದರೆ ಸಾಕಾಗಿತ್ತು. ನನ್ನಂಥ ಹೆಡ್ ಕಾನ್‌ಸ್ಟೆಬಲ್‌ಗೆ ಬೆಳಿಗ್ಗೆ ಎಂಟಕ್ಕೆ ಇದಕ್ಕಿಂತ ದೊಡ್ಡ ವಿಚಾರ ಹೊಳೆಯುವುದಿಲ್ಲ.

ಸತ್ತವನು ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ ತಂದು ನಗರದ ಲ್ಯಾಬಿಗೆ ಮುಟ್ಟಿಸುವವನು. ದಿನಕ್ಕೆ ಇನ್ನೂರು ಕಿಲೋಮೀಟರ್ ಬೈಕಿನ ಮೇಲೆ. ಲ್ಯಾಬಿನವರು ಗಾಳಿಯಣ್ಣ ಎಂದು ಕರೆಯುತ್ತಿದ್ದರಂತೆ.

ಸ್ಥಳದಲ್ಲಿ ಇಬ್ಬರಿದ್ದರು. ಒಬ್ಬ ನೀರಿನ ಟ್ಯಾಂಕರ್ ಡ್ರೈವರ್, ಪೊಲೀಸರಿಗೆ ಫೋನ್ ಮಾಡಿದವನು.

"ನಾನು ಬಂದಾಗ್ಲೇ ಉಸಿರಿರ್ಲಿಲ್ಲ ಮೇಡಂ. ಹೆಲ್ಮೆಟ್ ತಲೇಲೇ ಇತ್ತು. ಇಲ್ಲಿ ಸಿಗ್ನಲ್ ಇಲ್ಲ, ಆ ದಿಬ್ಬ ಹತ್ತಿ ಫೋನ್ ಮಾಡ್ದೆ. ವಾಪಸ್ ಬಂದ್ರೆ ಈ ಸಾರ್ ನಿಂತಿದ್ರು."

ಸಾರ್ ಎಂದರೆ ಲ್ಯಾಬಿನ ಮ್ಯಾನೇಜರ್. ರಸ್ತೆಯ ಆಚೆ ಬದಿಗೆ ಅವನ ಜೀಪು ನಿಂತಿತ್ತು, ನಗರಕ್ಕೆ ಬೆನ್ನು ಮಾಡಿಕೊಂಡು.

"ಮನೆಯಿಂದ ಕೆಲಸಕ್ಕೆ ಹೊರಟಿದ್ದೆ. ನೋಡಿದ್ರೆ ನಮ್ಮವನೇ. ಹೆಲ್ಮೆಟ್ ಆಗ್ಲೇ ಕಳಚಿತ್ತು. ನಾನೇನೂ ಮುಟ್ಟಿಲ್ಲ. ಕಿವೀಲಿ ಆ ದರಿದ್ರ ಹಾಕ್ಬೇಡ ಅಂತ ನೂರು ಸಲ ಹೇಳಿದ್ದೆ, ಕೇಳಿದ್ನಾ?"

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ಟ್ಯಾಂಕರಿನ ಮುಂಭಾಗ ನಜ್ಜಾಗಿದ್ದನ್ನು ಕಂಡು ನನ್ನ ದಣಿವು ಅರ್ಧ ಇಳಿಯಿತು. ಸಿಕ್ಕಿಬಿದ್ದ ಎಂದುಕೊಂಡೆ. ಮೇಡಂ ಆ ಜಾಗವನ್ನು ಉಗುರಿನಿಂದ ಕೆರೆದರು. ತುಕ್ಕು ಉದುರಿತು. ಅದು ಎಂದೋ ಆದ ಪೆಟ್ಟು.

* * *

"ಬಿದ್ದ ತಕ್ಷಣ ಹೋಗಿದ್ದಾರೆ," ಎಂದರು ಶವಾಗಾರದ ಡಾಕ್ಟರ್. "ಆದ್ರೆ ಇಲ್ನೋಡಿ. ಬಲಗಿವಿಯ ಪ್ಲಗ್ಗು ಆಳಕ್ಕೆ ಕೂತಿದೆ. ಎಡಗಡೇದು ಸುಮ್ನೆ ತುರುಕಿದ್ದು, ಅರ್ಧ ಹೊರಗಿದೆ. ಈ ಕಿವಿಯಿಂದ ರಕ್ತ ಕುತ್ತಿಗೆವರೆಗೂ ಧಾರೆಯಾಗಿ ಹರಿದಿದೆ. ಪ್ಲಗ್ಗಿನ ಹೊರಮೈಯಲ್ಲಿ ಒಂದು ತೊಟ್ಟೂ ಇಲ್ಲ."

"ಅಂದ್ರೆ ರಕ್ತ ಹರಿದ ಮೇಲೆ ಹಾಕಿದ್ದು," ಎಂದರು ಮೇಡಂ.

"ನಾನು ಡಾಕ್ಟರು. ಅಂದ್ರೆ ಏನು ಅನ್ನೋದು ನಿಮ್ಮ ಕೆಲಸ."

ಬೈಕಿನ ಕೀಲಿಗೊಂಚಲಿನಲ್ಲಿ ಪ್ಲಗ್ಗು ಇಡುವ ಪುಟ್ಟ ತಗಡಿನ ಡಬ್ಬಿ ಇತ್ತು. ಖಾಲಿ. ಮುಚ್ಚಳದ ಒಳಗೆ ನೇರಳೆ ಶಾಯಿಯ ಹೆಬ್ಬೆರಳ ಗುರುತು. ಹೆಲ್ಮೆಟ್ಟಿನ ಪಟ್ಟಿ ಹರಿದಿರಲಿಲ್ಲ, ಯಾರೋ ನೀಟಾಗಿ ಬಿಚ್ಚಿದ್ದರು.

* * *

ಗಾಳಿಯಣ್ಣನಿಗೆ ಇದ್ದದ್ದು ಒಬ್ಬಳೇ ಮಗಳು. ಬಾಟಲಿ ಕಾರ್ಖಾನೆಯಲ್ಲಿ ಕೆಲಸ. ಒಂದೇ ಕೋಣೆಯ ಮನೆ. ಅಪ್ಪ ಹೋಗಿ ಮೂರು ದಿನವಾದರೂ ಅವಳು ಕಣ್ಣು ಮುಚ್ಚಿಲ್ಲ, ತುತ್ತು ಮುಟ್ಟಿಲ್ಲ ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ಹೇಳಿದಳು.

"ನಾನೇ ಕೊಂದಿದ್ದು," ಎಂದಳು ಹುಡುಗಿ. ದನಿಯಲ್ಲಿ ಜೀವವಿರಲಿಲ್ಲ. "ಕಾರ್ಖಾನೇಲಿ ಪ್ಲಗ್ಗು ಕೊಡ್ತಾರೆ. ಗಾಳಿ ಶಬ್ದಕ್ಕೆ ಕಿವಿ ಹಾಳಾಗುತ್ತೆ, ಹಾಕ್ಕೋ ಅಪ್ಪ ಅಂತ ನಾನೇ ಹಟ ಮಾಡಿ ಕೊಟ್ಟೆ. ಅದಕ್ಕೇ ಕಾರೋ ಲಾರಿಯೋ ಏನೂ ಕೇಳಿಸ್ಲಿಲ್ಲ. ಎಲ್ರೂ ಅದನ್ನೇ ಹೇಳ್ತಿದ್ದಾರೆ."

ಎಲ್ಲರಿಗಿಂತ ಮೊದಲು ಹೇಳಿದವನು ನಾನು. ನನಗೆ ನಾಚಿಕೆಯಾಯಿತು.

"ಅಪ್ಪ ಹೆಂಗೆ ಹಾಕ್ಕೋತಿದ್ರು? ಇವರಿಗೆ ಹಾಕಿ ತೋರ್ಸಮ್ಮ," ಎಂದು ಮೇಡಂ ನನ್ನನ್ನು ಮುಂದಕ್ಕೆ ತಳ್ಳಿದರು.

ಹುಡುಗಿ ಸ್ಪಂಜನ್ನು ಬೆರಳಲ್ಲಿ ಹೊಸೆದು ಕಡ್ಡಿಯಷ್ಟು ತೆಳ್ಳಗೆ ಮಾಡಿದಳು. ನನ್ನ ಬಲಗಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಒತ್ತಿ ಹಿಡಿದಳು. ಇನ್ನೊಂದನ್ನು ಪಕ್ಕಕ್ಕಿಟ್ಟಳು.

"ಎಡಕ್ಕೆ?" ಎಂದರು ಮೇಡಂ.

"ಅಪ್ಪ ಎಡಕ್ಕೆ ಹಾಕ್ಕೊಳ್ಳೋದೇ—" ಅವಳು ಬಾಯಿ ಮುಚ್ಚಿಕೊಂಡಳು.

ಆಮೇಲೆ ಮೆಲ್ಲಗೆ ಹೇಳಿದಳು. ಎಡಗಿವಿ ಹೋಗಿ ಆರು ವರ್ಷವಾಗಿತ್ತು. ಬರಿಯ ಗಾಳಿಯ ಮೊರೆತಕ್ಕೇ. ಉಳಿದ ಒಂದನ್ನಾದರೂ ಕಾಪಾಡಬೇಕೆಂದು ಪ್ಲಗ್ಗು. ಕಿವುಡೆಂದು ಗೊತ್ತಾದರೆ ಬೈಕಿನಿಂದ ಇಳಿಸುತ್ತಾರೆಂದು ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಗಳಿಂದಲೂ ಆಣೆ ಹಾಕಿಸಿಕೊಂಡಿದ್ದರು.

ಮೇಡಂ ನನ್ನ ಎಡಗಿವಿಗೂ ಹಾಕಿಸಿದರು. ಫ್ಯಾನಿನ ಗೊರಗೊರ ನಿಂತುಹೋಯಿತು. ಆದರೆ ಬೀದಿಯ ಬಸ್ಸಿನ ಹಾರ್ನ್ ಸ್ಪಷ್ಟವಾಗಿ ಕೇಳಿತು.

"ಕೇಳ್ತಿದೆ ಮೇಡಂ!" ಎಂದೆ.

"ಅದಕ್ಯಾಕೆ ಹಿಂಗೆ ಕಿರುಚ್ತೀರಿ?" ಎಂದರು ಮೇಡಂ.

* * *

ಮ್ಯಾನೇಜರ್ ಲ್ಯಾಬಿನಲ್ಲಿ ಚೀಟಿಗಳ ಮೇಲೆ ತಾರೀಕಿನ ಮುದ್ರೆ ಒತ್ತುತ್ತಿದ್ದ. ನೇರಳೆ ಶಾಯಿ. ಆ ಕೆಲಸ ಅವನೊಬ್ಬನದೇ; ತೊಳೆದರೂ ಬೆರಳಿನ ನೇರಳೆ ಹೋಗುವುದಿಲ್ಲ, ಬೆವರಿದರೆ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ.

"ಗಾಳಿಯಣ್ಣನಿಗೆ ಯಾವ ಕಿವಿ ಕಿವುಡು?" ಎಂದು ಕೇಳಿದರು ಮೇಡಂ.

"ಕಿವುಡಾ? ಯಾರು?"

"ಗೊತ್ತಿಲ್ಲ ಅಲ್ವಾ? ಗೊತ್ತಿದ್ದಿದ್ರೆ ಎಡಗಿವಿಗೆ ಕೈ ಹಾಕ್ತಿರ್ಲಿಲ್ಲ." ಮೇಡಂ ಸುಸ್ತಾದವರಂತೆ ಕುರ್ಚಿಗೆ ಒರಗಿದರು. "ಅವರು ಒಂದೇ ಪ್ಲಗ್ಗು ಹಾಕೋರು. ಇನ್ನೊಂದು ಡಬ್ಬೀಲಿತ್ತು. ಕೆಲಸಕ್ಕೆ ಹೊರಟಿದ್ದೆ ಅಂದ್ರಿ, ಜೀಪಿನ ಮುಖ ಮಾತ್ರ ನಿಮ್ಮ ಮನೆ ಕಡೆಗಿತ್ತು. ಗುದ್ದಿ ಮುಂದೆ ಹೋದ್ರಿ. ಬದುಕಿದ್ದಾನಾ ನೋಡೋಕೆ ತಿರುಗಿ ಬಂದ್ರಿ. ಡ್ರೈವರ್ ದಿಬ್ಬದ ಮೇಲಿದ್ದ. ಹೆಲ್ಮೆಟ್ ಬಿಚ್ಚಿದ್ರಿ, ಬಲಗಿವಿಯಲ್ಲಿ ಪ್ಲಗ್ಗು ಕಾಣ್ತು. ಎರಡೂ ಕಿವಿ ಮುಚ್ಚಿದ್ರೆ ತಪ್ಪು ಸತ್ತವನ ತಲೆಗೇ ಬರುತ್ತೆ ಅನ್ನಿಸ್ತು. ಡಬ್ಬಿ ತೆಗೆದ್ರಿ, ತುರುಕಿದ್ರಿ. ಹೊಸೀಬೇಕು ಅಂತ ಗೊತ್ತಿರ್ಲಿಲ್ಲ. ಮುಚ್ಚಳದಲ್ಲಿ ನಿಮ್ಮ ಹೆಬ್ಬೆರಳಿದೆ. ಕೆಳಗೆ ನಿಮ್ಮ ಜೀಪಿನ ಬಂಪರ್ ನೋಡಿ ಬಂದೆ, ಕೆಂಪು ಬಣ್ಣ ಇನ್ನೂ ಹೋಗಿಲ್ಲ."

ಅವನ ಮುಖ ಬಿಳಿಚಿಕೊಂಡಿತು.

"ಒಂದೇ ಪ್ರಶ್ನೆ. ಹಾರ್ನ್ ಹೊಡೆದ್ರಾ?"

"ಇಲ್ಲ," ಎಂದ, ಮುದ್ರೆಯನ್ನು ಮೇಜಿನ ಮೇಲಿಟ್ಟು. "ಫೋನ್ ನೋಡ್ತಿದ್ದೆ. ಬೈಕ್ ಕಾಣಿಸ್ಲೇ ಇಲ್ಲ."

* * *

ಠಾಣೆಯಲ್ಲಿ ಕಾಗದದ ಕೆಲಸ ಬೆಟ್ಟದಷ್ಟಿತ್ತು. ಮೇಡಂ ಅದನ್ನು ಬಿಟ್ಟು ನೇರ ಹುಡುಗಿಯ ಮನೆಗೆ ನಡೆದರು. ಎಲ್ಲವನ್ನೂ ಹೇಳಿದರು.

"ಅವನು ಹಾರ್ನ್ ಹೊಡೆದೇ ಇಲ್ಲಮ್ಮ. ಅಪ್ಪನಿಗೆ ಕೇಳಿಸ್ಕೊಳ್ಳೋಕೆ ಏನೂ ಇರ್ಲಿಲ್ಲ."

"ಹೊಡೆದಿದ್ರೆ?"

"ಖಂಡಿತ ಕೇಳಿಸ್ತಿತ್ತು. ನೀನು ಉಳಿಸಿಕೊಟ್ಟ ಕಿವಿ ಅದು."

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಗೋಡೆಗೆ ತಲೆ ಆನಿಸಿದಳು. ಹಾಗೆಯೇ ಕುಳಿತಲ್ಲೇ ನಿದ್ದೆ ಹೋದಳು.

ನಾನು ಏಳಲು ಹೋದೆ. ಬೂಟು ಕಿರ್ರೆಂದಿತು. ಮೇಡಂ ನನ್ನ ತೋಳು ಹಿಡಿದು ಕೂರಿಸಿದರು. ಅವಳಿಗೆ ಎಚ್ಚರವಾಗುವವರೆಗೆ ಇಬ್ಬರೂ ಕದಲದೆ ಕುಳಿತಿದ್ದೆವು.